ಕಾಕಾನ ಕಾರಿಗೆ ಅಜ್ಜಿಯ ಕಿವಿಮಾತು

ಇವತ್ತು ಪೆಟ್ರೋಲ್ ಬಂಕಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಗೋಕಾಕದ ನಮ್ಮ ಹಳೆಯ ಅಂಗಳ ಕಣ್ಣಿಗೆ ಬಂತು. ಅಲ್ಲಿ ಕಾಕಾನ ಎರಡು ಸೀಟಿನ ರೇಸ್ ಕಾರು ಬಾನೆಟ್ ತೆರೆದುಕೊಂಡು ಕೆಮ್ಮುತ್ತಿತ್ತು. ಮಧ್ಯಾಹ್ನದೊಳಗೆ ಅವನು ಹುಕ್ಕೇರಿಗೆ ಕನ್ಯಾ ನೋಡಲು ಹೋಗಬೇಕಿತ್ತು.

ಆ ಕಾರಿಗೆ ಎರಡು ಕಾರ್ಬುರೇಟರ್. ಎರಡೂ ಸಮನಾಗಿ ಗಾಳಿ ಎಳೆದರಷ್ಟೇ ಎಂಜಿನ್‌ಗೆ ನೆಮ್ಮದಿ. ಕಾಕಾ ಎರಡರ ಬಾಯಿಗೂ ಒಂದೊಂದು ರಬ್ಬರ್ ನಳಿ ಹಿಡಿದು, ಅವುಗಳ ಇನ್ನೊಂದು ತುದಿಯನ್ನು ಒಂದೊಂದು ಕಿವಿಗೆ ಸಿಕ್ಕಿಸಿಕೊಂಡು, ಸುಸ್ ಸದ್ದು ಸಮನಾಗಿ ಕೇಳುವವರೆಗೆ ಸ್ಕ್ರೂ ತಿರುವಿದ. ಕಾರು ಇನ್ನೂ ಜೋರಾಗಿ ನಡುಗಿತು.

ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಿದ್ದ ಅಜ್ಜಿ ಕೂಗಿದಳು: "ಲೇ ತಮ್ಮಾ, ನಿನ್ನ ಎಡಗಿವಿ ಸಣ್ಣಾಂವ ಇದ್ದಾಗಿಂದ ಮಂದ ಐತಲ್ಲೋ! ಎರಡನ್ನೂ ಬಲಗಿವಿಲೆ ಕೇಳು."

"ಹೆಣ್ಣಿನವರ ಮುಂದ ಇದನ್ನ ಹೇಳಬ್ಯಾಡವ್ವಾ!"

ಬಲಗಿವಿಯಿಂದಲೇ ಒಂದಾದ ಮೇಲೊಂದನ್ನು ಕೇಳಿ ಮತ್ತೆ ಸ್ಕ್ರೂ ತಿರುವಿದ. ಕಾರು ಹಾಲು ಕುಡಿದ ಬೆಕ್ಕಿನಂತೆ ಗುರುಗುಟ್ಟಿತು.

ಆ ಕನ್ಯಾ ನಮ್ಮ ಕಾಕಿಯಾದಳು. ಕಾರಿನಲ್ಲಿ ಅವಳ ಜಾಗ ಕಾಕಾನ ಎಡಕ್ಕೆ. ದಾರಿಯುದ್ದಕ್ಕೂ ಅವಳು ಬೈಯುತ್ತಿದ್ದಳು, ಅವನು ಎಂಜಿನ್ ಕೇಳುತ್ತ ನಗುತ್ತಿದ್ದ.

ಇವತ್ತು ಬಂಕಿನಲ್ಲಿ ಮೊಮ್ಮಗ, ಈಗ ಮಂದವಾಗಿರುವ ನನ್ನ ಎಡಗಿವಿಯ ಬದಿಗೆ ನಿಂತು ಏನೋ ಗದರಿದ. ನಾನೂ ಕಾಕಾನಂತೆಯೇ ನಕ್ಕೆ.