ಚಪ್ಪಲಿ ಬಿಡಬಾರದಾಗಿದ್ದ ಆಯಿ

ಹೋಳಿಗೆ ಆಯಿಯ ಬಲಗಾಲಿಗೆ ಮೂರೇ ಬೆರಳು. ಆ ಪಾದಕ್ಕೆ ಮೆತ್ತನೆಯ ಬಟ್ಟೆ ಸುತ್ತಿ, ದಪ್ಪ ತಳದ ಚಪ್ಪಲಿಯಲ್ಲಿಟ್ಟು, ಹಿಮ್ಮಡಿಗೆ ಪಟ್ಟಿ ಬಿಗಿಯುತ್ತಿದ್ದಳು.

ಎಪ್ಪತ್ತರ ದಶಕದ ಬೈಲಹೊಂಗಲ. ಆಕೆ ನಮ್ಮ ಪಕ್ಕದ ಮನೆಯ ಒಂಟಿ ಹೆಂಗಸು. ಮದುವೆ ಇರಲಿ, ಬಸುರಿಯ ಕುಬಸ ಇರಲಿ, ಓಣಿಯವರಿಗೆಲ್ಲ ಹೋಳಿಗೆಗೆ ಆಕೆಯೇ ಬೇಕಿತ್ತು. ಸಕ್ಕರೆ ಕಾಯಿಲೆಯಿಂದ ಕಾಲಿಗೆ ರಕ್ತ ಹರಿಯದಂತಾಗಿ, ನೋವಿಗೆ ತಿಂಗಳುಗಟ್ಟಲೆ ಕುಳಿತೇ ನಿದ್ದೆ ಮಾಡಿದಳು. ಬೆಳಗಾವಿಯಲ್ಲಿ ಆಪರೇಶನ್ ಮಾಡಿ, ಎರಡು ಬೆರಳು ತೆಗೆದು, ಕಾಲು ಉಳಿಸಿದರು.

"ಕಾಲ ಚಾಚಿ ಮಲಗೂದು ಎಂಥಾ ಸುಖ ಐತಿ, ನಿನಗೇನ ಗೊತ್ತವಾ!" ಎನ್ನುತ್ತಿದ್ದಳು.

ಆದರೆ ಅಂಗಾಲಿಗೆ ಸ್ಪರ್ಶದ ಅರಿವಿರಲಿಲ್ಲ. ಮನೆಯೊಳಗೂ ಬರಿಗಾಲಲ್ಲಿ ನಡೆಯಬಾರದೆಂದು ಡಾಕ್ಟರು ಹೇಳಿದ್ದರು. ಚಪ್ಪಲಿ ಮೆಟ್ಟಿದವಳನ್ನು ಅಡುಗೆಮನೆಗೆ ಯಾರು ಕರೆದಾರು? ಎರಡು ವರ್ಷ ಕಟ್ಟೆಯ ಮೇಲೆ ಕುಳಿತು ಮೂಗಿನಿಂದಲೇ ಓಣಿಯ ಅಡುಗೆ ನೋಡಿದಳು. "ಆ ಮೂಲಿ ಮನ್ಯಾಗ ಹೂರಣ ತಳಾ ಹಿಡಿಯಾಕ ಹತ್ತೇತಿ, ಯಾರೂ ಕೈ ಆಡಸವಲ್ರು," ಎಂದು ಚಡಪಡಿಸುತ್ತಿದ್ದಳು.

ನಾದಿನಿಯ ಕುಬಸಕ್ಕೆ ನಾನೇ ಕರೆದೆ. ನಮ್ಮಲ್ಲಿ ದೇವರ ಗೂಡು ಅಡುಗೆಮನೆಯಲ್ಲೇ. ಹೊಸ್ತಿಲ ಹತ್ತಿರ ಅತ್ತೆ ತಡೆದರು: "ಚಪ್ಪಲ ಅಲ್ಲೇ ಬಿಟ್ಟು ಬಾ ಬೇ. ಒಳಗ ದೇವರು ಅದಾನ."

ಆಯಿ ನನ್ನ ಮುಖ ನೋಡಿದಳು. ಅಲ್ಲಿದ್ದವರಲ್ಲಿ ಡಾಕ್ಟರ ಮಾತು ಗೊತ್ತಿದ್ದವಳು ನಾನೊಬ್ಬಳೇ. ತಲೆ ತಗ್ಗಿಸಿ ಬೇಳೆ ತೊಳೆಯುತ್ತಲೇ ಇದ್ದೆ. ಆಕೆ ಚಪ್ಪಲಿಯ ಪಟ್ಟಿ ಬಿಚ್ಚಿ ಬರಿಗಾಲಲ್ಲಿ ಒಳಗೆ ಬಂದಳು.

ಅವತ್ತು ಆಕೆಯ ಖುಷಿಯೇ ಖುಷಿ. "ಇದೇನ ಕಣಕಾನೋ, ಗ್ವಾಡಿಗೆ ಮೆತ್ತೂ ಮಣ್ಣೋ?" ಎಂದು ನಾನು ನಾದಿದ ಹಿಟ್ಟು ನೋಡಿ ಕಾಡಿದಳು. ನಡುವೆ ಮೂಗೇರಿಸಿ, "ಏನೋ ಸುಡಾಕ ಹತ್ತೇತಿ ನೋಡ," ಎಂದು ಹಂಚಿನ ಹೋಳಿಗೆ ಮಗುಚಿದಳು. ನಾನು ಕೆಳಗೆ ನೋಡಿದೆ. ಒಲೆಯಿಂದ ಸಿಡಿದ ಕೆಂಡ ಆಕೆಯ ಅಂಗಾಲಿನ ಕೆಳಗಿತ್ತು.

ಗಾಯ ಒಣಗಲೇ ಇಲ್ಲ. ತನ್ನ ಮನೆಯಲ್ಲೇ ಸುಟ್ಟುಕೊಂಡೆನೆಂದು ಎಲ್ಲರಿಗೂ ಹೇಳಿದಳು. ನಾಲ್ಕು ತಿಂಗಳು ದಿನಾ ಹೋಗಿ ಪಟ್ಟಿ ಕಟ್ಟಿದೆ. ಅಷ್ಟಾದರೂ ಸೇವೆ ದೇವರು ಕೊಟ್ಟ. ಕಾಲು ಮತ್ತೆ ಕಪ್ಪಾಯಿತು, ಜ್ವರ ಏರಿತು. ಒಂದು ದಿನ ನನ್ನ ಕೈ ಹಿಡಿದು, "ಅಳಬ್ಯಾಡ. ಅವತ್ತ ನನಗೂ ಒಳಗ ಬರೂ ಆಸೆ ಇತ್ತವಾ," ಎಂದಳು. ಆ ವಾರವೇ ಹೋದಳು.

ಆಕೆ ಹಾಗೆಂದದ್ದು ದೇವರ ದಯೆ ಎಂದೇ ತಿಳಿದಿದ್ದೇನೆ. ಆದರೂ ಪೂಜೆಗೆ ಕುಳಿತಾಗ ನಾನು ಮೊದಲು ಕೇಳುವುದು ಕ್ಷಮೆ, ಬೇಡುವುದೆಲ್ಲ ಆಮೇಲೆ.