ಅವರ ಸರದಿಯ ದಿನ ನಿಲ್ಲುತ್ತಿದ್ದ ಎಂಜಿನ್

ನಮ್ಮನೆಯವರ ಹದಿಮೂರನೆಯ ದಿನ ಪಂಕ್ತಿಯಲ್ಲಿ ಉಣ್ಣುತ್ತ ಭಾವ ಪಕ್ಕದವರಿಗೆ ಹೇಳಿದರು: "ಎಂಜಿನ್ ಕೈಗೆ ಬರ್ದವ ನೀರಿಗಿಳಿಬಾರ್ದು ಮಾರಾಯ. ನಾ ಎಷ್ಟ್ ಸರ್ತಿ ಹೇಳಿದ್ದೆ ಅವಂಗೆ."

ಅಡುಗೆಮನೆ ಬಾಗಿಲ ಹಿಂದೆ ನಿಂತಿದ್ದ ನನಗೆ ಅದು ಕೇಳಿಸಿತು. ಅತ್ತಿದ್ದು ಸಾಕು ಅಂತ ಅನ್ನಿಸಿದ್ದು ಆಗಲೇ.

ಭಾವ ಅಂದರೆ ನನ್ನ ಗಂಡನ ದೊಡ್ಡಪ್ಪನ ಮಗ. ನರಸಿಂಹರಾಜಪುರದ ಹಿನ್ನೀರಿನಲ್ಲಿ ಅಣ್ಣ ತಮ್ಮ ಇಬ್ಬರೂ ಸೇರಿ ಒಂದು ದೋಣಿ ನಡೆಸುತ್ತಿದ್ದರು. ಆಚೆ ದಡದವರು ಪೇಟೆಗೆ ಬರಬೇಕೆಂದರೆ ಬಸ್ಸಿನಲ್ಲಿ ಸುತ್ತಿ ಬರಬೇಕು, ಇಲ್ಲವೆ ನಮ್ಮ ದೋಣಿ ಹತ್ತಬೇಕು. ತೋಟಕ್ಕೆ ನೀರು ಹಾಯಿಸುವಂಥ ಸಣ್ಣ ಸೀಮೆಎಣ್ಣೆ ಎಂಜಿನ್ನನ್ನು ಅದಕ್ಕೆ ಕೂರಿಸಿದ್ದರು. ಒಂದು ದಿನ ಇವರ ಸರದಿ, ಒಂದು ದಿನ ಭಾವನದು. ಭಾವನ ದಿನ ಎಂಜಿನ್ ಒಮ್ಮೆಯೂ ನಿಂತದ್ದಿಲ್ಲ. ಇವರ ದಿನ ನಡುನೀರಿಗೆ ಹೋದದ್ದೇ ಗುಟುಕು ಗುಟುಕು ಎಂದು ಆರಿಹೋಗುತ್ತಿತ್ತು. ಹತ್ತು ನಿಮಿಷ ಸುಮ್ಮನೆ ಕೂತರೆ ಮತ್ತೆ ಹತ್ತುತ್ತಿತ್ತು. "ಕೈಗುಣ ಬೇಕಾ ತಮ್ಮಾ" ಎಂದು ಭಾವ ಎಲ್ಲರೆದುರು ನಗುತ್ತಿದ್ದರು. ಇವರೂ ನಗುತ್ತಿದ್ದರು. ಮನೆಗೆ ಬಂದು ಪ್ಲಗ್ ಬಿಚ್ಚಿ ಉಜ್ಜುತ್ತಿದ್ದರು, ಸೀಮೆಎಣ್ಣೆಯನ್ನು ಬಟ್ಟೆಯಲ್ಲಿ ಸೋಸುತ್ತಿದ್ದರು.

ಮಳೆಗೆ ಮುಂಚಿನ ಗಾಳಿ ಎದ್ದ ಒಂದು ಮಧ್ಯಾಹ್ನ ಅದು ಹಾಗೆಯೇ ನಿಂತಿತು. ಇವರೊಬ್ಬರೇ ಇದ್ದರು. ನೀರು ಇಳಿದಿದ್ದ ಕಾಲ. ಅಣೆಕಟ್ಟು ಕಟ್ಟಿದಾಗ ಮುಳುಗಿದ ಮರಗಳ ಬೊಡ್ಡೆಗಳು ನೀರಿನ ಮಟ್ಟಕ್ಕೇ ನಿಂತಿದ್ದವು. ಗಾಳಿ ದೋಣಿಯನ್ನು ಅವುಗಳ ಮೇಲೆ ಹಾಕಿ ಮಗುಚಿತು.

ದೋಣಿಯನ್ನೂ ಎಂಜಿನ್ನನ್ನೂ ಮೇಲೆತ್ತಿದರು. ಕೊಪ್ಪದ ಮೆಕ್ಯಾನಿಕ್ ಎಂಜಿನ್ ಬಿಚ್ಚಿ ತೊಳೆದ. ಗೋಡೆಯ ಮೊಳೆಗೆ ನೇತುಹಾಕಿದ ತನ್ನ ಸೀಸೆಯಿಂದ ಎಣ್ಣೆ ಬಿಟ್ಟು ಅರ್ಧ ಗಂಟೆ ಓಡಿಸಿ, "ಇದ್ರಲ್ಲಿ ಎಂತದೂ ಇಲ್ಲಮ್ಮ, ಗಡಿಯಾರ ಇದ್ದಂಗೆ ಇದೆ" ಎಂದ. ಅಂದರೆ ಭಾವ ಹೇಳಿದ್ದೇ ನಿಜವಾಯಿತು. ತಪ್ಪು ಸತ್ತವರದು.

ಎಂಜಿನ್ ನಮ್ಮ ಕೊಟ್ಟಿಗೆಯಲ್ಲಿತ್ತು. ಹಗ್ಗ ಸುತ್ತಿ ಎಳೆಯುವುದನ್ನು ಮದುವೆಯಾದ ಹೊಸತರಲ್ಲಿ ಇವರೇ ನನಗೆ ಕಲಿಸಿದ್ದರು. ದಿನವೂ ಒಂದು ಸಲ ಅದರದೇ ಟ್ಯಾಂಕು ತುಂಬಿಸಿ ಓಡಿಸಿ ಪಕ್ಕದಲ್ಲಿ ಕೂರುತ್ತಿದ್ದೆ. ಕಾಲು ಗಂಟೆ ಕಳೆದ ಮೇಲೆ ಆರುತ್ತಿತ್ತು. ಪ್ಲಗ್ಗಿನಲ್ಲಿ ಕಿಡಿ ಇತ್ತು. ಎಣ್ಣೆಯಲ್ಲಿ ನೀರಿರಲಿಲ್ಲ. ಐದನೆಯ ದಿನವೋ ಆರನೆಯ ದಿನವೋ, ಎಣ್ಣೆ ಎಷ್ಟಿದೆ ನೋಡೋಣ ಎಂದು ಆರಿದ ಕೂಡಲೇ ಟ್ಯಾಂಕಿನ ಮುಚ್ಚಳ ತಿರುಗಿಸಿದೆ. ಸುಯ್ ಎಂದು ಗಾಳಿ ಒಳಗೆ ಹೋಯಿತು. ಹಗ್ಗ ಎಳೆದೆ. ಒಂದೇ ಎಳೆತಕ್ಕೆ ಹತ್ತಿತು.

ಮುಚ್ಚಳದ ಮೇಲೆ ಸೂಜಿಮೊನೆಯಷ್ಟು ತೂತು ಇರುತ್ತದೆ. ಎಣ್ಣೆ ಇಳಿದಂತೆ ಗಾಳಿ ಅದರಿಂದ ಒಳಗೆ ಹೋಗಬೇಕು. ಇಲ್ಲದಿದ್ದರೆ ಎಣ್ಣೆ ಇಳಿಯುವುದು ನಿಂತುಹೋಗುತ್ತದೆ. ಮೆಕ್ಯಾನಿಕ್ ತನ್ನ ಸೀಸೆಯಿಂದ ಓಡಿಸಿದ್ದರಿಂದ ಅವನಿಗೆ ಇದು ಕಾಣಲಿಲ್ಲ. ಆ ತೂತಿಗೆ ಯಾರೋ ಹಲಸಿನ ಮೇಣ ಮೆತ್ತಿದ್ದರು. ಮಳೆನೀರು ಎಣ್ಣೆಗೆ ಬೀಳದಿರಲಿ ಎಂದು. ನಮ್ಮಲ್ಲಿ ಸೋರುವ ಕೊಡಪಾನಕ್ಕೂ ಅದೇ ಮೇಣ, ಬಿರುಕು ಬಿಟ್ಟ ಮರಿಗೆಗೂ ಅದೇ. ಮೆತ್ತಿದವರು ಯಾರೆಂದು ನನಗೆ ಇಂದಿಗೂ ತಿಳಿಯದು. ಇವರೇ ಇರಬಹುದು. ಆದರೆ ಮುಚ್ಚಳ ಅರ್ಧ ಸುತ್ತು ಸಡಿಲ ಬಿಟ್ಟರೆ ಎಂಜಿನ್ ನಿಲ್ಲುವುದಿಲ್ಲ ಎಂಬುದು ಭಾವನಿಗೆ ಗೊತ್ತಿತ್ತೇ, ಇಲ್ಲವೇ? ನನಗೆ ಬೇಕಿದ್ದುದು ಅಷ್ಟೇ.

ಮೇಣ ತೆಗೆಯಲಿಲ್ಲ. ಯಾರಿಗೂ ಹೇಳಲಿಲ್ಲ. ಎಂಜಿನ್ ದೋಣಿಗೆ ಏರಿತು, ದಿನವೂ ಭಾವನದೇ ಸರದಿಯಾಯಿತು. ಎಲೆಯೂ ಅಲ್ಲಾಡದ ಒಂದು ಬೆಳಿಗ್ಗೆ ಆರಿಸಿಕೊಂಡು ನಾನೂ ಹತ್ತಿದೆ. ಗಾಳಿಯಿದ್ದ ದಿನ ಬೇಡ ಎನ್ನುವಷ್ಟು ಬುದ್ಧಿ ಉಳಿದಿತ್ತು. ಶೆಟ್ಟಿಕೊಪ್ಪದ ಅಜ್ಜಿಯೊಬ್ಬರು ಮಗಳೊಂದಿಗೆ ಇದ್ದರು, ಇನ್ನಿಬ್ಬರು ಗಂಡಸರಿದ್ದರು. ಭಾವ ಎಂಜಿನ್ ಶುರುಮಾಡಿ ದೋಣಿ ಕಟ್ಟಿದ ಹಗ್ಗ ಬಿಚ್ಚಲು ದಡಕ್ಕೆ ಇಳಿದಾಗ ಮುಚ್ಚಳ ಮುಟ್ಟಿ ನೋಡಿದೆ. ಸಡಿಲವಾಗಿತ್ತು. ಗಟ್ಟಿಯಾಗಿ ತಿರುಗಿಸಿ ಸೆರಗಿಗೆ ಕೈ ಒರೆಸಿಕೊಂಡೆ.

ನಡುನೀರಿನಲ್ಲಿ ಎಂಜಿನ್ ಆರಿತು.

"ಎಂತದಾ ಮಾರಾಯ, ನಿನ್ ಕೈಗುಣ ಎಲ್ಲೋಯ್ತು?" ಎಂದರು ಅಜ್ಜಿ. ಗಂಡಸರು ನಕ್ಕರು.

ಭಾವ ಪ್ಲಗ್ ಕಡೆ ನೋಡಲಿಲ್ಲ. ಎಣ್ಣೆಯ ಕೊಳವೆ ಮುಟ್ಟಲಿಲ್ಲ. ಕೈ ನೇರ ಮುಚ್ಚಳಕ್ಕೆ ಹೋಯಿತು, ಅರ್ಧ ಸುತ್ತು ತಿರುಗಿಸಿತು. ಸುಯ್ ಎಂದದ್ದು ಎಲ್ಲರಿಗೂ ಕೇಳಿಸಿತು. ಅವರು ಹಗ್ಗ ಎಳೆಯಲು ಹೊರಟಾಗ ನಾನು ಅದರ ಮೇಲೆ ಕೈಯಿಟ್ಟೆ.

"ಭಾವ, ಇದು ನಿಮ್ಗೆ ಯಾವಾಗಿಂದ ಗೊತ್ತು?"

"ಎಂತದು?"

"ಮುಚ್ಚಳ ಸಡಿಲ ಬಿಡೋದು."

"ಅದು... ಹೋದ್ ಮಳೆಗಾಲ್ದಿಂದ ಇರ್ಬೋದು. ಕೈ ತೆಗಿ ಮಾರಾಯ್ತಿ, ಹೊತ್ತಾಗ್ತದೆ."

"ದೋಣಿ ಇವ್ರ ಕೈಗೆ ಕೊಡುವಾಗ ಗಟ್ಟಿ ಮಾಡಿ ಕೊಡ್ತಿದ್ರಲ್ದಾ? ಇವ್ರಿಗೆ ಹೇಳಿದ್ರಾ?"

ಅವರು ನೀರು ನೋಡಿದರು. "ಅವ ಕೇಳ್ಲಿಲ್ಲ" ಎಂದರು.

"ಕೇಳ್ಬೇಕಿತ್ತನಾ?" ಎಂದರು ಅಜ್ಜಿ. ನಗುತ್ತಿದ್ದ ಗಂಡಸರು ತಲೆ ತಗ್ಗಿಸಿದರು. ನಾನು ಹಗ್ಗ ಬಿಟ್ಟೆ. ಭಾವ ಎಳೆದರು, ಒಂದೇ ಎಳೆತಕ್ಕೆ ಹತ್ತಿತು.

ನಾನು ಊರಲ್ಲಿ ಯಾರಿಗೂ ಏನೂ ಹೇಳಬೇಕಾಗಲಿಲ್ಲ. ಅಜ್ಜಿಯೊಬ್ಬರೇ ಸಾಕಿತ್ತು. ಒಂದು ವಾರದಲ್ಲಿ ದೋಣಿಗೆ ಜನ ಕಡಿಮೆಯಾದರು, ಆಮೇಲೆ ಇಲ್ಲವೇ ಇಲ್ಲವಾದರು. ಮುತ್ತಿನಕೊಪ್ಪದ ಮೇಲೆ ಸುತ್ತಿ ಬಸ್ಸಿನಲ್ಲಿ ಹೋದರೂ ಸರಿ, ಆ ದೋಣಿ ಬೇಡ ಎಂದರು. ಮನೆ ಹಿಂದೆ ಬಾವಿಯಿದ್ದರೂ ನಾನು ಬಟ್ಟೆ ಒಗೆಯಲು ದಿನವೂ ಹಿನ್ನೀರಿಗೇ ಹೋದೆ. ಭಾವ ಖಾಲಿ ದೋಣಿಯಲ್ಲಿ ಕೂತಿರುವುದನ್ನು ನೋಡಲು. ನೋಡುತ್ತ ನಿಧಾನ ಒಗೆಯುತ್ತಿದ್ದೆ.

ಒಂದು ಸಂಜೆ ಅವರು ನಮ್ಮ ಅಂಗಳಕ್ಕೆ ಬಂದರು. ಜಗಲಿ ಹತ್ತಲಿಲ್ಲ.

"ನೀನೊಂದ್ ಸರ್ತಿ ದೋಣಿ ಹತ್ತು. ನಾಲ್ಕು ಜನ ನೋಡ್ಲಿ. ಆಮೇಲೆ ಅವ್ರೂ ಹತ್ತುತ್ತಾರೆ."

ನಾನು ಅಕ್ಕಿ ಆರಿಸುತ್ತಿದ್ದೆ. ಆರಿಸುತ್ತಲೇ ಇದ್ದೆ.

"ಸಾಯ್ಲಿ ಅಂತ ಮಾಡಿದ್ದಲ್ಲ ಮಾರಾಯ್ತಿ. ನಾಲ್ಕ್ ಜನ ನನ್ನ ಹೊಗಳ್ತಿದ್ರು, ಅಷ್ಟೇ."

ಅದು ನಿಜವೆಂದು ನನಗೆ ಗೊತ್ತಿತ್ತು. ನಿಜವಾದ್ದರಿಂದ ಸಿಟ್ಟು ಇನ್ನೂ ಹೆಚ್ಚಿತು. ಮೊರ ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿದೆ. ಅವರು ಎಷ್ಟು ಹೊತ್ತು ನಿಂತಿದ್ದರೋ ನೋಡಲಿಲ್ಲ.

ಮರುದಿನ ಭಾವ ದೋಣಿಯನ್ನು ದಡಕ್ಕೆಳೆದು ಮಗುಚಿಹಾಕಿದ್ದರು. ಆ ಮಧ್ಯಾಹ್ನ ನಾನು ಎರಡನೆಯ ಸಲ ಅನ್ನ ಬಡಿಸಿಕೊಂಡು ಹೊಟ್ಟೆ ತುಂಬ ಉಂಡೆ. ಇವರು ಹೋದ ಮೇಲೆ ಅನ್ನಕ್ಕೆ ರುಚಿಯಿದೆ ಎಂದು ಅನ್ನಿಸಿದ್ದು ಅಂದೇ ಮೊದಲು.