ತೋಳು ಚಾಚಿ ಅಳೆದ ಗಲ್ಲಿ

ಡಯಾಲಿಸಿಸ್ ರೋಗಿಗಳ ವ್ಯಾನ್ ಓಡಿಸುವ ಆಕೆಯನ್ನು ನಾವೆಲ್ಲ ಗಾಡಿಯಕ್ಕ ಎನ್ನುತ್ತೇವೆ. ಬಾಯಿ ಜೋರು, ಹಾರ್ನ್ ಇನ್ನೂ ಜೋರು. ರೋಗಿಗಳನ್ನು ಆಸ್ಪತ್ರೆಗೆ ಬಿಟ್ಟ ಮೇಲೆ ಉಳಿದ ಚಾಲಕರು ಸೀಟು ಹಿಂದಕ್ಕೆ ಬಾಗಿಸಿ ಗೊರಕೆ ಹೊಡೆಯುತ್ತಾರೆ. ಈಕೆ ಮಾತ್ರ ಸುತ್ತಲಿನ ಗಲ್ಲಿಗಳಲ್ಲಿ ಎರಡೂ ತೋಳು ಚಾಚಿಕೊಂಡು ನಡೆಯುತ್ತಾಳೆ. ಬೆರಳ ತುದಿಗೆ ಗೋಡೆ ತಾಗದಿದ್ದರೆ ವ್ಯಾನ್ ನುಗ್ಗುತ್ತದೆ, ತಾಗಿದರೆ ಇಲ್ಲ. ಬೆದರುಬೊಂಬೆ ವಾಕಿಂಗ್ ಹೊರಟಿತು ಎಂದು ಅಂಗಡಿಯವರು ನಗುತ್ತಾರೆ. ನಗಲಿ ಬಿಡಿ, ಅವರ ಹಲ್ಲಿಗಾದರೂ ಗಾಳಿ ಆಡಲಿ ಎನ್ನುತ್ತಾಳೆ.

ಎಲ್ಲರ ಹಾಗೆ ಆಕೆಯ ಫೋನಿನಲ್ಲೂ ಮ್ಯಾಪ್ ಇತ್ತು. ಬೈಯುತ್ತಲೇ ಬಳಸುತ್ತಿದ್ದಳು. ಅದು ಒಮ್ಮೆ ವ್ಯಾನನ್ನು ಮೆಟ್ಟಿಲ ಸಾಲಿನ ಮುಂದೆ ತಂದು ನಿಲ್ಲಿಸಿ, ನೇರ ಹೋಗಿ ಎಂದಿತ್ತಂತೆ. ಅದಕ್ಕೆ ದಾರಿ ಗೊತ್ತು, ಗಾಡಿಯ ಮೈ ಗೊತ್ತಿಲ್ಲ. ಅದಕ್ಕೇ ಯಾರು ಬೇಕಾದರೂ ತಿದ್ದಬಹುದಾದ, ನೆಟ್ ಇಲ್ಲದೆಯೂ ತೆರೆದುಕೊಳ್ಳುವ ಇನ್ನೊಂದು ಮ್ಯಾಪನ್ನು ಇಳಿಸಿಕೊಂಡು, ತಾನು ಅಳೆದದ್ದನ್ನೆಲ್ಲ ಅದಕ್ಕೆ ಸೇರಿಸತೊಡಗಿದಳು. ಇಲ್ಲಿ ಮೆಟ್ಟಿಲು, ಇಲ್ಲಿ ಬೀಗ ಹಾಕಿದ ಗೇಟು, ಇಲ್ಲಿ ವ್ಯಾನ್ ಹೋಗುತ್ತದೆ.

ನಮ್ಮ ಕೂಲಿ ಹೋರಾಟದ ಮೆರವಣಿಗೆಯ ದಿನ ಮುಖ್ಯರಸ್ತೆ ಕಿಕ್ಕಿರಿದಿತ್ತು. ಮ್ಯಾಪು ಊರಿನ ಗಾಡಿಗಳನ್ನೆಲ್ಲ ಒಂದೇ ಅಡ್ಡರಸ್ತೆಗೆ ಅಟ್ಟಿತು. ಎಲ್ಲವೂ ಕುರಿಮಂದೆಯ ಹಾಗೆ ಅಲ್ಲೇ ಸಿಕ್ಕಿಕೊಂಡವು. ಅಷ್ಟರಲ್ಲಿ ನಮ್ಮ ಬಾಯಿ ಮುಚ್ಚಿಸಲು ಸರ್ಕಾರ ನೆಟ್ ಕಿತ್ತುಹಾಕಿತು. ಎಲ್ಲರ ಫೋನಿನಲ್ಲೂ ದಾರಿ ತೋರುವ ಬಾಣ ಸತ್ತ ನೊಣದಂತೆ ಬಿದ್ದುಕೊಂಡಿತು.

ನಮ್ಮ ಜನರ ನಡುವೆ ಸಿಕ್ಕಿಕೊಂಡಿದ್ದ ಗಾಡಿಯಕ್ಕನ ವ್ಯಾನಿನಲ್ಲಿ, ಬಟ್ಟೆ ಹೊಲಿದೇ ಬದುಕಿದ ಹೊಲಿಗೆಯಜ್ಜಿ ಇದ್ದಳು. ಕಾಲು ಊದಿ ಕಂಬವಾಗಿತ್ತು. ಹಿಂದಿನ ಡಯಾಲಿಸಿಸ್ ಸರದಿಯೂ ತಪ್ಪಿತ್ತು. ಇದೂ ತಪ್ಪಿದರೆ ಅಜ್ಜಿ ಉಳಿಯುವುದು ಕಷ್ಟ.

ಗಾಡಿಯಕ್ಕ ಇಳಿದು ನೇರ ಮೆರವಣಿಗೆಯ ಮುಂದಾಳಾಗಿದ್ದ ನನ್ನ ಬಳಿ ಬಂದಳು.

"ಅಣ್ಣ, ನಿಮ್ಮ ಹಕ್ಕು ಕೇಳಿ, ಬೇಡ ಅನ್ನಲ್ಲ. ಆದ್ರೆ ಅಜ್ಜಿ ಕಿಡ್ನಿ ನಿಮಗಿಂತ ಮೊದಲೇ ಮುಷ್ಕರಕ್ಕೆ ಕೂತಿದೆ. ಅದ್ರ ಜೊತೆ ಮಾತುಕತೆ ನಡೆಯಲ್ಲ."

ಜನರನ್ನು ಸರಿಸೋಣವೆಂದರೆ ಮುಂದೆ ಪೊಲೀಸರ ಬ್ಯಾರಿಕೇಡು. ಆಕೆ ತನ್ನ ಮ್ಯಾಪು ತೆರೆದಳು. ಪಕ್ಕದಲ್ಲೇ ಇದ್ದ ಗೋದಾಮಿನ ಗಲ್ಲಿಗೆ 'ವ್ಯಾನ್ ಹೋಗುತ್ತದೆ' ಎಂದು ತಾನೇ ಬರೆದಿದ್ದಳು. ನನ್ನನ್ನೂ ಹತ್ತಿಸಿಕೊಂಡು ನುಗ್ಗಿಸಿದಳು. ಗಲ್ಲಿಯ ನಡುವೆ ಕರ್ರ್ ಎಂದು ಸದ್ದಾಗಿ ಎರಡೂ ಕಡೆಯ ಕನ್ನಡಿಗಳು ಗೋಡೆಗೆ ಕಚ್ಚಿಕೊಂಡವು. ತೋಳು ಚಾಚಿ ಅಳೆದದ್ದೇನೋ ಸರಿ, ತೋಳಿಗೆ ಕನ್ನಡಿ ಇರಲಿಲ್ಲವಲ್ಲ.

ಹಿಂದಿನ ಸೀಟಿನಿಂದ ಅಜ್ಜಿ ಏದುಸಿರು ಬಿಡುತ್ತಲೇ ಹೇಳಿದಳು: "ಹೊಲಿಗೆಗೆ ಅಂಚು ಬಿಡದೆ ಬಟ್ಟೆ ಕತ್ತರಿಸಿದ್ದೀಯಲ್ಲೇ, ತಾಯಿ."

ಗಾಡಿಯಕ್ಕ ಗಲ್ಲಿ ಅಗಲವಿದ್ದಲ್ಲಿಗೆ ವ್ಯಾನ್ ಹಿಂದೆ ತೆಗೆದು ಕನ್ನಡಿಗಳನ್ನು ಮಡಚಿದಳು. ಆಮೇಲೆ ನನ್ನನ್ನು ಇಳಿಸಿದಳು.

"ಘೋಷಣೆ ಕೂಗೋಕೆ ಕೈ ಎತ್ತೀರಲ್ಲ, ಈಗ ಅಗಲಿಸಿ. ಮುಂದೆ ನಡೀರಿ."

ನಡೆದೆ. ನನ್ನ ಬೆರಳು ಯಾವ ಗೋಡೆಗೆ ತಾಗಿತೋ ಅದರಿಂದ ಆಚೆಗೆ ಆಕೆ ಸ್ಟೀರಿಂಗ್ ತಿರುಗಿಸಿದಳು. ಒಂದು ಮಗ್ಗುಲಿನ ಬಣ್ಣವನ್ನು ಗೋಡೆಗೆ ಕೊಟ್ಟು ವ್ಯಾನ್ ಆಚೆ ಬಂತು. ಆಸ್ಪತ್ರೆಯಲ್ಲಿ ನರ್ಸು ಅಜ್ಜಿಯ ಹಾಸಿಗೆಗೆ ಬೇರೆಯವರನ್ನು ಕರೆಯುವುದರಲ್ಲಿದ್ದಳು. ನಾವು ಅಜ್ಜಿಯನ್ನು ಎತ್ತಿಕೊಂಡೇ ಒಳಗೆ ಹೋದೆವು.

ಅಜ್ಜಿ ಯಂತ್ರದ ಪಕ್ಕ ಮಲಗಿ ಬೈಗುಳ ಶುರುಮಾಡಿದ ಮೇಲೆ ನಮಗೆ ಜೀವ ಬಂತು. ಗಾಡಿಯಕ್ಕ ಹೊರಗಿನ ಬೆಂಚಿನಲ್ಲಿ ಕೂತು ತನ್ನ ಮ್ಯಾಪು ತಿದ್ದುತ್ತಿದ್ದಳು: 'ಕನ್ನಡಿ ಮಡಚಿ. ಒಬ್ಬರು ಮುಂದೆ ನಡೆಯಿರಿ.' ತಪ್ಪು ಮಾಡಿದವರು ನೆವ ಹುಡುಕುವುದನ್ನು ಜೀವಮಾನವಿಡೀ ನೋಡಿದ್ದೇನೆ, ನಮ್ಮ ಸಂಘಟನೆಯೊಳಗೂ. ಈಕೆ ಹುಡುಕಲಿಲ್ಲ. ನನಗೆ ಹಿಡಿಸಿದ್ದು ಅದು.

ಈಗ ಮೆರವಣಿಗೆಯ ದಾರಿ ಗೊತ್ತುಮಾಡುವ ಸಭೆಗೆ ಆಕೆಯನ್ನೂ ಕರೆಯುತ್ತೇವೆ. ಮೊದಲ ಸಭೆಯಲ್ಲೇ, ವ್ಯಾನಿಗೆಂದು ನಾವು ಬಿಟ್ಟುಕೊಡುತ್ತೇವೆಂದ ಬೀದಿಗೆ ಇಳಿದು ತೋಳು ಚಾಚಿ ನಡೆದಳು. ಬರಿಗಾಲು. ಎರಡೂ ಕೈಯಲ್ಲಿ ಒಂದೊಂದು ಚಪ್ಪಲಿ ನೆಟ್ಟಗೆ ಆಚೆಗೆ ಚಾಚಿಕೊಂಡಿತ್ತು, ಕನ್ನಡಿಗಳ ಅಳತೆಗೆ.